ಬತೂಲಳ ಸ್ನಾನದ ತೊಟ್ಟಿ

ತೆತ್ವಾನ್, ೧೨ ನವೆಂಬರ್ ೧೯೯೬

ಪ್ರೀತಿಯ ತಾಮು,

ಚೆನ್ನಾಗಿದ್ದೀಯಾ? ಮೊಮ್ಮಗಳಿಗೆ ಹಲ್ಲು ಬಂತಾ? ನಿನ್ನ ಪತ್ರ ಬಂದು ಬಹಳ ದಿನವಾಯಿತು, ಬೈಯಬೇಡ. ಎದೆಯ ಶಸ್ತ್ರಚಿಕಿತ್ಸೆಯ ಗಾಯ ಪೂರ್ತಿ ಒಣಗಿದೆ. ಎಡಗೈ ಮಾತ್ರ ಭುಜಕ್ಕಿಂತ ಮೇಲೇಳುವುದಿಲ್ಲ.

ತಡವಾದದ್ದು ಅದರಿಂದಲ್ಲ, ಒಂದು ಸ್ನಾನದ ತೊಟ್ಟಿಯಿಂದ. ನಗಬೇಡ. ಎಲ್ಲಿ ಕೂತರೂ ಅದರದೇ ಯೋಚನೆ. ಒಲೆಯ ಮೇಲೆ ಸಾರಿಟ್ಟು ಎದ್ದುಹೋಗಿ ಬಚ್ಚಲನ್ನು ಇನ್ನೊಮ್ಮೆ ಅಳೆಯುತ್ತೇನೆ. ಮೊನ್ನೆ ಬೇಳೆ ಸೀದೇಹೋಯಿತು.

ನನ್ನ ಗಂಡ ಅಬ್ದಸ್ಲಾಮನಿಗೆ ತಲೆಬುಡ ತಿಳಿಯಲಿಲ್ಲ. "ಬೀದಿ ತುದೀಲೇ ಹಮ್ಮಾಮ್ ಇದೆ. ಊರ ಹೆಂಗಸರೆಲ್ಲ ಅಲ್ಲೇ ಮೀಯ್ತಾರೆ. ನಿಂಗೊಬ್ಳಿಗೆ ಏನಾಯ್ತು?" ಎಂದ. "ಹಬೆ ಆಗಲ್ಲ ಅಂದ್ರು ಡಾಕ್ಟ್ರು" ಎಂದೆ. ಅತ್ತೆ ಲಾಲ್ಲಾ ರಹ್ಮಾ ಜಪಮಣಿ ತಿರುಗಿಸುತ್ತಲೇ, "ತೊಟ್ಟೀಲಿ ಮಲಗಿಸಿ ತೊಳೆಯೋದು ಹೆಣಾನ ಕಣೇ" ಎಂದರು.

ಆದರೂ ಅಂಗಡಿಗೆ ಹೋದೆವು. ಎರಕದ ಕಬ್ಬಿಣದ್ದು ನೀರಿನ ಬಿಸಿ ಹಿಡಿದಿಡುತ್ತದೆ, ಆದರೆ ನಮ್ಮ ಹಳೆಯ ಮಹಡಿ ಆ ಭಾರ ತಾಳುವುದಿಲ್ಲ. ಪ್ಲಾಸ್ಟಿಕ್ಕಿನದು ಹಗುರ, ಉದ್ದ ಮಾತ್ರ ವಿಪರೀತ, ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಮೂರನೆಯದು ಗಿಡ್ಡ, ಕಾಲು ಮಡಚಿ ಕೂರಬೇಕು. ಅಂಚು ತಗ್ಗು, ಹಿಡಿ ಬಲಗಡೆ. ಚಪ್ಪಲಿ ಬಿಟ್ಟು, ಮೈಮೇಲಿನ ಜೆಲ್ಲಾಬಾ ನಿಲುವಂಗಿ ಸಮೇತ ಒಳಗಿಳಿದು ಕೂತೇಬಿಟ್ಟೆ. ಅಬ್ದಸ್ಲಾಮ್ ಬೆವೆತುಹೋದ. "ಎದ್ದೇಳೇ ಮಾರಾಯ್ತಿ, ಜನ ನೋಡ್ತಿದಾರೆ!"

"ನೋಡ್ಲಿ ಬಿಡಿ. ಕೂತು ನೋಡದೆ ಹೆಂಗೆ ತಗೊಳ್ಳೋದು?" ಎಂದಳು ಅಂಗಡಿಯಾಕೆ. ಅದನ್ನೇ ಕೊಂಡೆವು. ನಾಳೆ ಕೂರಿಸುತ್ತಾರೆ.

ನಿನ್ನ ಮನೆ ಸದಾ ಮಕ್ಕಳ ಗಲಾಟೆಯಿಂದ ತುಂಬಿರಲಿ. ನಿನ್ನ ಮಂಡಿನೋವು ದೇವರ ದಯೆಯಿಂದ ವಾಸಿಯಾಗಲಿ.

ನಿನ್ನ
ಬತೂಲ್

ಮರೆತ ಮಾತು: ಪತ್ರ ಇನ್ನೂ ಅಂಚೆಗೆ ಹಾಕಿರಲಿಲ್ಲ. ಡಾಕ್ಟರು ಹಬೆಯ ಬಗ್ಗೆ ಏನೂ ಹೇಳಿಲ್ಲ, ತಾಮು. ಗಾಯ ಒಣಗಿದ ಮೇಲೆ ನಾನು ಹಮ್ಮಾಮಿಗೆ ಹೋಗಿದ್ದೆ. ಬಟ್ಟೆ ಕಳಚಿದೆ, ನಮ್ಮ ಕದ್ದೂಜ್ ಪಕ್ಕದಲ್ಲಿ ಕೂತೆ. ಮೊಲೆ ತೆಗೆದು ಚಪ್ಪಟೆಯಾದ ನನ್ನ ಎಡಗಡೆ ಕಣ್ಣಿಗೆ ಬಿದ್ದದ್ದೇ ಅವಳ ಮಾತು ಅರ್ಧಕ್ಕೇ ನಿಂತಿತು. ಅವಳ ಸೊಸೆ ಪಿಸುಗುಟ್ಟಿದಳು: "ಅತ್ತೆ, ಇದು ಅಂಟ್ಕೊಳ್ಳುತ್ತಾ?" ಕದ್ದೂಜ್ ಸೊಸೆಯನ್ನು ಗದರಿದಳು. ಗದರಿ, ತನ್ನ ಬಕೆಟ್ಟನ್ನು ಮೆಲ್ಲಗೆ ಆಚೆ ಎಳೆದುಕೊಂಡಳು. ನನ್ನ ಮದುವೆಯ ಹಿಂದಿನ ದಿನ ನನ್ನ ಬೆನ್ನುಜ್ಜಿದವಳು ಅವಳೇ. ಮೈಯ ಸಾಬೂನು ತೊಳೆಯದೆ ಎದ್ದು ಬಂದೆ. ಅಬ್ದಸ್ಲಾಮನಿಗೆ ಹೇಳಲಿಲ್ಲ, ಹೇಳಿದ್ದರೆ ಅವರ ಮನೆ ಬಾಗಿಲಿಗೇ ಜಗಳಕ್ಕೆ ಹೋಗುತ್ತಿದ್ದ.

ತೊಟ್ಟಿ ಕೂರಿಸಿಯಾಯಿತು. ಇವತ್ತು ಬೆಳಿಗ್ಗೆ ನೀರು ತುಂಬಿಸಿ, ಚಿಲಕ ಹಾಕಿಕೊಂಡು ಕೂತೆ. ನೀರು ಹದವಾಗಿತ್ತು. ಯಾರೂ ನಗಲಿಲ್ಲ, ಯಾರೂ ಯಾರ ಮಗಳ ಮದುವೆಯ ಸುದ್ದಿಯನ್ನೂ ಎತ್ತಲಿಲ್ಲ. ಹುಟ್ಟಿದಾಗಿನಿಂದ ನಾನು ಒಬ್ಬಳೇ ಮಿಂದದ್ದು ಇದೇ ಮೊದಲು, ತಾಮು.