ಚೆನ್ನಾಗಿ ಕೇಳಿಸುತ್ತಿದೆ

ಅಪ್ಪಾ,

ನೀನು ಬದುಕಿದ್ದಿದ್ದರೆ ಇವತ್ತಿನದನ್ನು ಹೇಳುವ ಧೈರ್ಯ ನನಗಿರುತ್ತಿರಲಿಲ್ಲ. ಗದ್ದಲದ ನಡುವೆಯೂ ನನ್ನ ಮಾತು ಕೇಳಿಸಲೆಂದು ನಿನ್ನ ಶ್ರವಣಯಂತ್ರಕ್ಕೆ ಒಂದು ಮೈಕು ಮಾಡಿದ್ದೆನಲ್ಲ, ಅದನ್ನೇ ಈಗ ಗೋಡೆಯ ಸ್ವಿಚ್ಚಿನೊಳಗೆ ಕೂರಿಸಿದ್ದೇನೆ. ಸರ್ಕಾರದ ಯಾವುದೋ ಇಲಾಖೆಗಂತೆ. ಕಂಪನಿಯಲ್ಲಿ ಹೆಚ್ಚಿನವರಿಗೆ ಇದರ ಸುಳಿವೇ ಇಲ್ಲ.

ಇವತ್ತು ಆ ಇಲಾಖೆಯ ಅಧಿಕಾರಿ ನೋಡಲು ಬಂದಿದ್ದರು. ಸ್ವಿಚ್ಚನ್ನು ನಮ್ಮ ಕ್ಯಾಂಟೀನಿನ ಗೋಡೆಗೇ ಹಾಕಿಸಿ, ಲ್ಯಾಬಿನಲ್ಲಿ ನನ್ನ ಕೈಗೆ ಹೆಡ್‌ಫೋನ್ ಕೊಟ್ಟರು. ಟೀ ಮಾಡಿಕೊಡುವ ಅಕ್ಕ ಫೋನಿನಲ್ಲಿ ತಂಗಿಯ ಹತ್ತಿರ ಪಿಸುಗುಡುತ್ತಿದ್ದಳು: “ಎದೇಲಿ ಗಂಟಿದೆಯಂತೆ ಕಣೇ. ಮನೇಲಿ ಯಾರಿಗೂ ಹೇಳ್ಬೇಡ. ಮಗಳ ಪರೀಕ್ಷೆ ಮುಗೀಲಿ.”

“ಹೇಗಿದೆ?” ಎಂದರು ಅಧಿಕಾರಿ.

ಹೆಡ್‌ಫೋನ್ ಕಿತ್ತೆಸೆಯಬೇಕಿತ್ತು. “ಚೆನ್ನಾಗಿ ಕೇಳಿಸ್ತಿದೆ ಸಾರ್, ಒಂದಕ್ಷರವೂ ತಪ್ಪಿಲ್ಲ” ಎಂದೆ. ಅವರು ಶಹಬ್ಬಾಸ್ ಅಂದರು. ನಾಚಿಕೆಗೇಡು, ಅಪ್ಪಾ, ಆ ಗಳಿಗೆಯಲ್ಲಿ ನಾನು ಒಳಗೊಳಗೇ ಹಿಗ್ಗಿದೆ.

ಸ್ವಲ್ಪ ಹೊತ್ತಿಗೆ ಅಕ್ಕ ಎಲ್ಲರಿಗೂ ಟೀ ತಂದಳು. ಅವಳ ಮುಖ ನೋಡಲಾಗದೆ, ಕಪ್ಪನ್ನೇ ನೋಡುತ್ತ ಕೇಳಿದೆ: “ಹುಷಾರಾಗಿದೀರಾ ಅಕ್ಕಾ?”

“ನಂಗೇನಾಗಿದೆ ಮೇಡಂ? ಗುಂಡುಕಲ್ಲು ಇದ್ದಂಗಿದೀನಿ” ಎಂದು ನಕ್ಕಳು.

ಏನೂ ಗೊತ್ತಿಲ್ಲದವಳಂತೆ ನಾನೂ ನಕ್ಕೆ.