ಐದನೇ ನಂಬರಿನ ಹಾಡುಗಳು

ಮಾಡಗ್ಯಾಳ, ತಾ. ಜತ್ತ
ಸೋಮವಾರ, ೨೦ ಜನವರಿ ೨೦೨೫

ದೀಪಾಲಿಯ ಪಪ್ಪಾ ಅವರಿಗೆ,

ನಿಮ್ಮ ಉಮಾಶ್ರೀಯ ನಮಸ್ಕಾರ. ಕಾಲ್ಬೆರಳಿನ ಊತ ಇಳಿಯಿತೇ? ಹೋದ ಸಲ ಫೋನು ಹತ್ತಿದಾಗ ನಾಲ್ಕು ನಿಮಿಷ ಸಿಕ್ಕಿತ್ತು, ಅದರಲ್ಲಿ ಮೂರು ನಿಮಿಷ ನೀವು ಕೆಮ್ಮಿದಿರಿ. ಅತ್ತೆ ಕಟ್ಟಿ ಕಳಿಸಿದ ಅಜವಾನದ ಪೊಟ್ಟಣ ಟ್ರಂಕಿನ ತಳದಲ್ಲಿ ಹಾಗೇ ಬಿದ್ದಿರುತ್ತದೆ ಎಂದು ನನಗೆ ಗೊತ್ತು. ಇವತ್ತೇ ತೆಗೆದು ಬಿಸಿನೀರಿಗೆ ಹಾಕಿಕೊಳ್ಳಿ. ಆ ಹಿಮದೊಳಗೆ ನೀರು ಕಾಯುವುದಕ್ಕೆ ಎಷ್ಟು ಹೊತ್ತು ಬೇಕೋ ಏನೋ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ದೀಪಾಲಿ ಐದನೇ ಇಯತ್ತೆಯ ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಹೇಳಿ ನನ್ನ ಫೋನು ಹಿಡಿದು ಕೂರುತ್ತಾಳೆ. ಅತ್ತೆಗೆ ಮೊಣಕಾಲು ಹಿಡಿದಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಹದಿನೈದು ದಿನದಿಂದ ಕುರಿಗಳ ಹಿಂದೆ ನಾನೇ ಹೋಗುತ್ತಿದ್ದೇನೆ. ಬಾಗಿದ ಮೂಗಿನ ನಿಮ್ಮ ಟಗರು, ದೀಪಾಲಿ ಸಾಹೇಬ ಎಂದು ಹೆಸರಿಟ್ಟಳಲ್ಲ, ಅದು ಮೊದಲೆರಡು ದಿನ ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಈಗ ಪರವಾಗಿಲ್ಲ, ಕರೆದರೆ ತಿರುಗಿಯಾದರೂ ನೋಡುತ್ತದೆ.

ನಿಮ್ಮ ಪತ್ರ ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಬಂತು. ಅದರಲ್ಲಿ ನನಗೆ ಎರಡು ಕೆಲಸ ಹೇಳಿದ್ದೀರಿ. ಒಂದು, ನಿಮ್ಮ ಗೆಳೆಯರ ಜಗಳಕ್ಕೆ ನೀವು ಬರೆದ ಚೀಟಿಯನ್ನು ರವಿವಾರ ಮಹಾಂತನ ಅಂಗಡಿ ಕಟ್ಟೆಯಲ್ಲಿ ಓದಿ ಹೇಳುವುದು. ಇನ್ನೊಂದು, ಫೌಜಿನ ನೌಕರಿಯನ್ನು ಇನ್ನೆರಡು ವರ್ಷ ಮುಂದುವರಿಸುವ ಕಾಗದಕ್ಕೆ ನೀವು ಸಹಿ ಹಾಕಬೇಕೋ ಬೇಡವೋ ಎಂದು ಬರೆಯುವುದು. ಹೋದ ಸಲ ನೀವು ಇದನ್ನೇ ಕೇಳಿದಾಗ ನಾನು ನಿಮ್ಮ ಇಚ್ಛೆ ಎಂದು ಬರೆದಿದ್ದೆ. ಅದಕ್ಕೆ ನೀವು ಕೆಂಪು ಶಾಯಿಯಲ್ಲಿ, ‘ನನ್ನ ಇಚ್ಛಾ ನನಗ ಗೊತ್ತೈತಿ, ನಿಂದ ಏನು ಅದನ್ನ ಬರಿ’ ಎಂದು ಬರೆದಿರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅತ್ತೆ ಸಹಿ ಹಾಕಲಿ ಎನ್ನುತ್ತಾರೆ. ಭಾವನವರೂ ಹಾಕಲಿ ಎನ್ನುತ್ತಾರೆ. ಹದಿಮೂರು ವರ್ಷದಲ್ಲಿ ಈ ಮನೆಯಲ್ಲಿ ನನ್ನ ಇಚ್ಛೆ ಏನು ಎಂದು ಕೇಳಿದವರಿಲ್ಲ, ಕೇಳಲಿಲ್ಲವೆಂದು ನಾನು ಬೇಜಾರು ಮಾಡಿಕೊಂಡವಳೂ ಅಲ್ಲ. ಈಗ ಒಮ್ಮೆಲೇ ಕೇಳಿದರೆ ಎಲ್ಲಿ ಹುಡುಕಲಿ? ಆದ್ದರಿಂದ ಮೊದಲು ಸುಲಭದ ಕೆಲಸ ಹಿಡಿದೆ. ಅದರ ಸುದ್ದಿಯನ್ನೇ ಮೊದಲು ಬರೆಯುತ್ತೇನೆ. ನೀವು ಪುಟ ಹಾರಿಸಿ ಕೊನೆಗೆ ಹೋಗಬೇಡಿ.

ಪುಣೆಯ ಆ ವಿಮರ್ಶಕರು ಪೇಪರಿನ ರವಿವಾರದ ಪುರವಣಿಯಲ್ಲಿ ‘ಏಳನೇ ಮೈಲು’ ಬ್ಯಾಂಡಿನ ಐದು ಆಲ್ಬಮ್ಮುಗಳಿಗೆ ನಂಬರು ಹಚ್ಚಿದ್ದೇ ತಡ, ಇಲ್ಲಿ ಏನೆಲ್ಲ ಆಯಿತು ಎಂದು ಮಹಾಂತ ನಿಮಗೆ ಬರೆದಿರಬಹುದು. ತನ್ನ ಪಾಲಿನ ತಪ್ಪನ್ನಂತೂ ಬರೆದಿರಲಾರ. ‘ಲೋಖಂಡ’ಕ್ಕೆ ಒಂದನೇ ನಂಬರು. ನಿಮ್ಮ ಜೀವವಾದ ‘ಕರೀ ಕಂಬಳಿ’ಗೆ ನಾಲ್ಕು. ಸಿದ್ದಾರೂಢ ಮಾಸ್ತರರು ಆ ಪೇಪರಿನ ತುಂಡನ್ನು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದು, ಮೂವತ್ತು ವರ್ಷ ಹಾಡು ಕೇಳಿದ ಮನುಷ್ಯ ಬರೆದದ್ದು ಎಂದು ಎಲ್ಲರ ಮುಖಕ್ಕೆ ಹಿಡಿದರು. ಮಹಾಂತ ಬಿಡುತ್ತಾನೆಯೇ? ಮಳೆಯಲ್ಲಿ ನೆನೆಯುತ್ತ ಒಂದೇ ಮೋಟಾರ್ ಸೈಕಲ್ಲಿನ ಮೇಲೆ ಮೂವರು ಸೊಲ್ಲಾಪುರಕ್ಕೆ ಹೋಗಿ ಆ ಬ್ಯಾಂಡನ್ನು ಕಂಡವರು ನಾವು, ಪುಣೆಯವರಿಗೆ ಅದರ ಗಂಧ ಗೊತ್ತೇ ಎಂದ. ಅವನದೊಂದು ಅಳತೆ ಇದೆ. ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವಾಗ ‘ಕರೀ ಕಂಬಳಿ’ ಹಚ್ಚಿದರೆ ಸುತ್ತಿನ ಎಣಿಕೆ ಒಂದು ಸಲವೂ ತಪ್ಪಿಲ್ಲವಂತೆ, ‘ಲೋಖಂಡ’ ಹಚ್ಚಿದ ದಿನ ಎರಡು ಮೋಟಾರು ಬಿಚ್ಚಿ ಮತ್ತೆ ಸುತ್ತಬೇಕಾಯಿತಂತೆ. ಮಾಸ್ತರರು ಅದಕ್ಕೆ ಸೀಮೆಸುಣ್ಣ ತೆಗೆದು, ಅಂಗಡಿಯ ಶಟರಿನ ಮೇಲೆ ಒಂದೊಂದು ಹಾಡಿಗೂ ಹತ್ತರಲ್ಲಿ ಮಾರ್ಕು ಬರೆದು ಕೂಡಿಸಿ ತೋರಿಸಿದರು. ಮಹಾಂತ ಒದ್ದೆ ಬಟ್ಟೆಯಿಂದ ಒರೆಸಿದ. ಏಳು ಮಂದಿ ಗೆಳೆಯರಲ್ಲಿ ಮೂವರು ಆ ಕಡೆ, ಮೂವರು ಈ ಕಡೆ. ಏಳನೆಯವರು ನೀವು, ಹಿಮದ ಮೇಲೆ. ಎಳ್ಳು-ಬೆಲ್ಲ ಕೊಟ್ಟು ಸಿಹಿ ಮಾತಾಡಬೇಕಾದ ಸಂಕ್ರಾಂತಿಯ ದಿನವೇ ಇಬ್ಬರೂ ಮಾತು ಬಿಟ್ಟರು. ನಲವತ್ತು ಮುಟ್ಟುವ ಗಂಡಸರು, ಒಬ್ಬರನ್ನೊಬ್ಬರು ಕಂಡು ರಸ್ತೆ ದಾಟಿ ಹೋಗುವುದನ್ನು ನಾನೇ ನೋಡಿದೆ. ಒಂದು ಮಾತಿನಲ್ಲಿ ಮಾತ್ರ ಏಳೂ ಮಂದಿಗೆ ಒಮ್ಮತ ಇತ್ತು. ಐದನೇ ನಂಬರು, ಎಲ್ಲಕ್ಕಿಂತ ಕೆಳಗೆ, ‘ಹಿತ್ತಲು’. ಅದರ ಬಗ್ಗೆ ಯಾರೂ ಒಂದು ಗುಟುಕು ಚಹಾ ಸಹ ವ್ಯರ್ಥ ಮಾಡಲಿಲ್ಲ.

ನೀವು ನಗಬೇಡಿ. ಕೇಳದ ಹಾಡಿಗೆ ಮತ ಹಾಕುವುದು ನನಗೆ ಸರಿ ಕಾಣಲಿಲ್ಲ. ಚೀಟಿ ನಿಮ್ಮದೇ ಇರಬಹುದು, ಓದುವ ಬಾಯಿ ನನ್ನದು. ನೀವು ರಜೆಗೆ ಬಂದಾಗ ಇವನ್ನೆಲ್ಲ ಹಚ್ಚುತ್ತಿದ್ದಿರಿ. ನಾನು ರೊಟ್ಟಿ ಬಡಿಯುತ್ತ, ಸ್ವಲ್ಪ ಸಣ್ಣಗೆ ಇಡಬಾರದೇ ಎನ್ನುತ್ತಿದ್ದೆ. ಅಷ್ಟೇ ನನಗೂ ಆ ಬ್ಯಾಂಡಿಗೂ ಇದ್ದ ಸಂಬಂಧ. ದೀಪಾಲಿ ಐದನ್ನೂ ಫೋನಿಗೆ ಇಳಿಸಿ ಕೊಟ್ಟಳು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ, ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು, ಕುರಿಗಳನ್ನು ತೊಗರಿ ಕೊಯ್ದ ಹೊಲಕ್ಕೆ ಬಿಟ್ಟು ಕೇಳಿದೆ.

ಮಧ್ಯಾಹ್ನದ ಹೊತ್ತು ಅಲ್ಲಿ ಹೇಗಿರುತ್ತದೆ ಎಂದು ನಿಮಗೆ ಮರೆತಿರಲಾರದು. ಚಳಿ ಬಿಟ್ಟಿರುತ್ತದೆ, ಬಿಸಿಲಿಗೆ ಸಿಟ್ಟು ಇರುವುದಿಲ್ಲ. ಆಚೆ ಹೊಲದ ಬಿಳಿಜೋಳದ ತೆನೆಗಳೆಲ್ಲ ಒಂದೇ ಕಡೆ ತಲೆ ವಾಲಿಸಿಕೊಂಡು ನಿಂತಿರುತ್ತವೆ. ದೂರದ ದಿಬ್ಬದ ಮೇಲೆ ಪವನಚಕ್ಕಿಗಳು ಯಾವ ಅವಸರವೂ ಇಲ್ಲದೆ ತಿರುಗುತ್ತವೆ. ಮೊದಲ ದಿನ ‘ಗುಡ್ಡದ ಬೆಂಕಿ’ ಶುರುವಾದ ಕೂಡಲೇ ಸಾಹೇಬ ಬೆಚ್ಚಿ ಅರ್ಧ ಹೊಲ ಓಡಿದ. ಎರಡನೆಯ ದಿನ ನಿಮ್ಮ ‘ಕರೀ ಕಂಬಳಿ’. ಅದನ್ನು ಕೇಳುತ್ತ ನೀವು ಇಪ್ಪತ್ತು ವರ್ಷದ ಹುಡುಗನಾಗಿ, ತಲೆಗೂದಲು ಬಿಟ್ಟುಕೊಂಡು ಬದುವಿನ ಮೇಲೆ ನಡೆದು ಬರುವುದು ಕಂಡಿತು. ನಾನು ಕಾಣದ ವಯಸ್ಸು ಅದು, ಆದರೂ ಕಂಡಿತು. ಚಲೋ ಇದೆ, ಸುಳ್ಳು ಹೇಳುವುದಿಲ್ಲ. ‘ಲೋಖಂಡ’ ಕೇಳುವಾಗ ಪವನಚಕ್ಕಿಯೊಂದು ಆ ತಾಳಕ್ಕೇ ತಿರುಗುತ್ತಿದೆ ಎನ್ನಿಸಿ, ಅದನ್ನೇ ನೋಡುತ್ತ ಕೂತೆ. ಕುರಿ ಯಾವವು, ಕಲ್ಲು ಯಾವವು ಎಂದು ತಿಳಿಯದಂಥ ಮಂಪರು. ಎಚ್ಚರವಾದಾಗ ಎರಡು ಕುರಿ ನನ್ನ ಬುತ್ತಿಯ ಗಂಟಿಗೆ ಬಾಯಿ ಹಾಕಿದ್ದವು. ‘ಖಾಲಿ ಬಸ್ಸು’ ನನಗೆ ಅಷ್ಟು ಹಿಡಿಸಲಿಲ್ಲ. ನಾಲ್ಕು ದಿನ ಹೀಗೆ ಹೋದವು. ಸಂಜೆ ಮನೆಗೆ ಬಂದರೂ ನಾನು ಪೂರ್ತಿ ಬಂದಿರುತ್ತಿರಲಿಲ್ಲ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅತ್ತೆ ಉಣ್ಣುತ್ತ, ‘ಮಗ ಹಿಮದಾಗ ಅದಾನ, ಸೊಸಿ ಮುಗಿಲಿನಾಗ ಅದಾಳ’ ಎಂದರು.

ಶುಕ್ರವಾರ ‘ಹಿತ್ತಲು’ ಕೇಳಿದೆ. ಲಾಕ್‌ಡೌನಿನ ವರ್ಷ ಬ್ಯಾಂಡಿನವರು ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಸಿಕ್ಕಿಬಿದ್ದಾಗ, ಹಾಡುವವನು ತನ್ನ ಮನೆಯಲ್ಲೇ ಫೋನಿನಲ್ಲಿ ಹಿಡಿದ ಹಾಡುಗಳಂತೆ. ಡ್ರಮ್ಮಿಲ್ಲ, ಅಬ್ಬರವಿಲ್ಲ. ರೆಕಾರ್ಡಿಂಗ್ ಕೆಟ್ಟದ್ದು, ಮನೆಯ ಸಪ್ಪಳವನ್ನು ತೆಗೆದುಹಾಕುವಷ್ಟು ಶ್ರದ್ಧೆಯೂ ಇಲ್ಲ ಎಂದು ವಿಮರ್ಶಕರು ಬರೆದಿದ್ದಾರೆ. ನಿಜ. ಮೂರನೇ ಹಾಡಿನ ನಡುವೆ ಕುಕ್ಕರ್ ಸೀಟಿ ಹೊಡೆಯುತ್ತದೆ. ಅವನು ಹಾಡು ನಿಲ್ಲಿಸುವುದಿಲ್ಲ. ಇನ್ನೊಂದು ಸೀಟಿ. ಆಮೇಲೆ ಒಬ್ಬ ಹೆಣ್ಣುಮಗಳು ಒಳಗಿನಿಂದ, ಯಾವ ರಾಗವೂ ಇಲ್ಲದೆ, ‘ಉಣ್ಣಾಕ ಬರ್ರಿ’ ಎನ್ನುತ್ತಾಳೆ. ಅವನು ಹಾಡುತ್ತಲೇ ನಗುತ್ತಾನೆ. ಆ ನಗುವೂ ಹಾಡಿನಲ್ಲಿ ಸೇರಿಕೊಂಡಿದೆ. ಪಾತ್ರೆ ಇಡುವ ಸದ್ದು, ಬಾಗಿಲ ಸದ್ದು, ಹಾಡು ಮುಗಿಯಿತು. ನಾನು ಆ ಒಂದು ಹಾಡನ್ನೇ ಹೊತ್ತು ಇಳಿಯುವವರೆಗೆ ಕೇಳಿದೆ. ಫೋನಿನ ಚಾರ್ಜು ಮುಗಿದ ಮೇಲೂ ಕೇಳುತ್ತಿತ್ತು. ದೀಪಾಲಿಯ ಪಪ್ಪಾ, ಆಗ ನೀವು ಹದಿನಾಲ್ಕು ತಿಂಗಳು ಮನೆಗೆ ಬರಲಿಲ್ಲ. ನಾನು ಕುಕ್ಕರ್ ಇಡುತ್ತಿದ್ದೆ, ಅದು ಸೀಟಿ ಹೊಡೆಯುತ್ತಿತ್ತು, ಅಷ್ಟೆ. ಹೊಲದಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಾಲ್ಕು ಹನಿ ಕಣ್ಣೀರು ಹಾಕಿದೆ. ಸಾಹೇಬ ಬಂದು ನನ್ನ ಭುಜ ಮೂಸಿ ಹೋದ.

ನಿನ್ನೆ ರವಿವಾರ ಕಟ್ಟೆಗೆ ಹೋದೆ. ನೀವು ಫೌಜಿಗೆ ಹೋದಂದಿನಿಂದ ನಿಮ್ಮ ಜಾಗದಲ್ಲಿ, ಬೇವಿನ ಬುಡದ ಮೂರನೇ ಕಲ್ಲಿನ ಮೇಲೆ, ನಿಮ್ಮ ನೀಲಿ ಚೌಕಡಿ ಟವೆಲ್ ಹಾಸುತ್ತಾರಲ್ಲ, ಅದರ ಮೇಲೆ ಯಾರೂ ಕೂರುವುದಿಲ್ಲ ಎಂದು ಕೇಳಿದ್ದೆ, ಕಂಡಿರಲಿಲ್ಲ. ಒಗೆದು ಮಡಿಚಿ ಇಟ್ಟಿದ್ದರು. ಮಹಾಂತ, ‘ಕುಂದ್ರಿ ವೈನಿ, ನಿಮ್ಮದ ಜಾಗಾ’ ಎಂದ. ಕೂರಲು ಸಂಕೋಚವಾಯಿತು, ಕೂತೆ. ಆರೂ ಮಂದಿ ನನ್ನ ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತಿದ್ದರು. ಮಾಸ್ತರರು ಸೀಮೆಸುಣ್ಣ ಹಿಡಿದು ಶಟರಿನ ಹತ್ತಿರ ನಿಂತಿದ್ದರು. ಚೀಟಿ ಬಿಚ್ಚದೆ, ‘ಹಿತ್ತಲು’ಗೆ ಒಂದನೇ ನಂಬರು ಬರೆಯಿರಿ ಎಂದೆ. ಯಾರಿಗೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಮಾಸ್ತರರು ಮೆಲ್ಲಗೆ, ‘ವೈನಿ, ಇದು ಶಿವಪುತ್ರನ ಮಾತಲ್ಲ’ ಎಂದರು.

‘ಅವರ ಮಾತು ಚೀಟಿಯೊಳಗ ಐತ್ರಿ. ನಾ ಹೇಳಿದ್ದು ನನ್ನ ಮಾತು’ ಎಂದೆ.

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ನಿಮ್ಮ ಟವೆಲ್ಲಿನ ಮೇಲೆ ಕೂತು ನಿಮ್ಮದಲ್ಲದ ಮಾತು ಆಡಿದೆ. ಮಹಾಂತ ಎದ್ದು, ಅಂಗಡಿಯ ದೊಡ್ಡ ಸ್ಪೀಕರಿಗೆ ಫೋನು ಜೋಡಿಸಿ ಆ ಮೂರನೇ ಹಾಡು ಹಚ್ಚಿದ. ಬೇವಿನ ಎಲೆ ಉದುರುತ್ತಿದ್ದವು. ಸೀಟಿ ಬಂತು, ಎರಡನೆಯದೂ ಬಂತು. ಆ ಹೆಣ್ಣುಮಗಳು ಕರೆದಾಗ ಮಾಸ್ತರರು ಅರಿವಿಲ್ಲದೆ ತಮ್ಮ ಮನೆಯ ಓಣಿಯ ಕಡೆ ತಿರುಗಿ ನೋಡಿದರು, ನಾನು ಗಮನಿಸಿದೆ. ಹಾಡು ಮುಗಿದ ಮೇಲೆ ಅವರು ಶಟರಿನ ಮೇಲೆ ‘ಹಿತ್ತಲು’ ಎಂದು ಬರೆದು, ಅದರ ಮುಂದೆ ಒಂದೇ ಒಂದು ಗೆರೆ ಎಳೆದು, ವೈನಿಯದು ಎಂದು ಬರೆದರು. ಮೂರು, ಮೂರು, ಒಂದು. ತೀರ್ಪು ಆಗಲೇ ಇಲ್ಲ. ಆದರೆ ಮಹಾಂತನೂ ಮಾಸ್ತರರೂ ‘ಹಿತ್ತಲು’ ಐದಕ್ಕೇ ಇರಬೇಕೋ ನಾಲ್ಕಕ್ಕೆ ಏರಬೇಕೋ ಎಂದು ಹೊಸದಾಗಿ ಕಚ್ಚಾಡಲು ಶುರು ಮಾಡಿದರು. ಐದು ದಿನದ ಮೇಲೆ ಇಬ್ಬರೂ ಮಾತಾಡಿದರು. ನಾನು ಎದ್ದು ಬರುವಾಗಲೂ ಕಚ್ಚಾಡುತ್ತಲೇ ಇದ್ದರು, ಎಳ್ಳು-ಬೆಲ್ಲದ ಡಬ್ಬಿ ಇಬ್ಬರ ನಡುವೆ ತೆರೆದಿತ್ತು.

ನಿಮ್ಮ ಚೀಟಿಯನ್ನು ಓದದೆ, ಹಾಗೇ ಮಡಿಚಿ ಈ ಲಕೋಟೆಯಲ್ಲಿಟ್ಟಿದ್ದೇನೆ. ಸಿಟ್ಟು ಬಂದರೆ ಸಿಟ್ಟಾಗಿ, ಆದರೆ ಅಜವಾನ ಕುಡಿದು ಸಿಟ್ಟಾಗಿ. ಅತ್ತೆಯ ಆಶೀರ್ವಾದ, ದೀಪಾಲಿಯ ಮುತ್ತು ಇದರ ಜೊತೆಗಿವೆ. ನಿಮ್ಮ ಜೊತೆಗಿನ ಫೌಜಿಗಳಿಗೂ ಸೇರಿಸಿ ಸ್ವಲ್ಪ ಎಳ್ಳು-ಬೆಲ್ಲ ಕಳಿಸುತ್ತಿದ್ದೇನೆ, ಒಬ್ಬರೇ ತಿನ್ನಬೇಡಿ. ಸಿದ್ಧರ ಗುಡಿಯ ಭಂಡಾರದ ಅರಿಸಿನ ಕಾಗದದ ಮಡಿಕೆಯಲ್ಲಿದೆ, ಹಣೆಗೆ ಹಚ್ಚಿಕೊಳ್ಳಿ.

ನಿಮ್ಮ ದಾರಿ ನೋಡುವ,
ಉಮಾಶ್ರೀ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ಪೋಸ್ಟಿನವನು ಬಾಗಿಲಲ್ಲಿ ನಿಂತಿದ್ದಾನೆ. ನೀವು ಹೇಳಿದ ಎರಡನೆಯ ಕೆಲಸ. ಸಹಿ ಹಾಕಬೇಡಿ. ಅತ್ತೆ ಹಾಕು ಅಂದರು, ಭಾವ ಹಾಕು ಅಂದರು, ನಾನು ಬೇಡ ಅನ್ನುತ್ತೇನೆ. ಮನೆಗೆ ಬನ್ನಿ. ನಾನು ಒಲೆಯ ಮುಂದೆ ಇರುತ್ತೇನೆ, ನೀವು ಹಿತ್ತಲಲ್ಲಿ ಕೂತು ನಿಮ್ಮ ‘ಕರೀ ಕಂಬಳಿ’ಯನ್ನೇ ಬೇಕಾದರೆ ಹಾಡಿ. ಸಣ್ಣಗೆ ಇಡಿ ಎನ್ನುವುದಿಲ್ಲ. ಕುಕ್ಕರ್ ಸೀಟಿ ಹೊಡೆದರೆ ನಿಲ್ಲಿಸಬೇಡಿ, ನಾನು ಕರೆಯುವವರೆಗೆ ಹಾಡುತ್ತಿರಿ.