ನಾಯಿಯ ಕೊರಳಿನ ಕೆಂಪು

ಹಾಫ್‌ಮನ್ ಎಸ್ಟೇಟ್ಸ್
೯ ನವೆಂಬರ್ ೨೦೨೫, ಭಾನುವಾರ

ಮುದ್ದು ಅನಿಕಾ,

ನಮ್ಮ ಮಣ್ಣಿನ ನಾಯಿಗೆ ಸುಮಾರು ಸಾವಿರದ ಎಂಟುನೂರು ವರ್ಷ. ಚೀನಾದಲ್ಲಿ ಯಾರದೋ ಗೋರಿಯೊಳಗೆ, ಸತ್ತವರ ಕಾವಲಿಗೆಂದು ಇಟ್ಟದ್ದಂತೆ. ಪ್ರಯೋಗಾಲಯದ ವರದಿ ಬಂದ ಸುದ್ದಿಯನ್ನು ತಿಳಿಸಿದವನು ನಿನ್ನ ತಮ್ಮ ನಿಹಾಲ್. ನೀನು ನನಗೆ ಹೇಳದ ಇನ್ನೊಂದನ್ನೂ ಅವನೇ ಹೇಳಿದ: ಶುಕ್ರವಾರದ ವಿಚಾರಣೆ ಮುಗಿಯುವವರೆಗೆ, ನೀನು ಕೆಲಸ ಮಾಡುವ ಮ್ಯೂಸಿಯಮ್ಮಿನಲ್ಲಿ ನೀನು ಯಾವ ವಸ್ತುವನ್ನೂ ಮುಟ್ಟುವಂತಿಲ್ಲ.

ಹೋದ ವರ್ಷದ ದಸರಾ ಫೋಟೋದಲ್ಲಿ ನಾಯಿಯ ಕೊರಳಿಗೆ ಆ ಹಳೆಯ ಕಾಲದಲ್ಲೇ ಬಳಿದ ಕೆಂಪು ಬಣ್ಣದ ಪಟ್ಟಿ ಇದೆ. ಈ ದಸರಾ ಮುಗಿದ ಮೇಲೆ ನೀನು ಪರೀಕ್ಷೆಗೆಂದು ಒಯ್ದು ಅಲ್ಲಿ ಒಪ್ಪಿಸಿದ ನಾಯಿಗೆ ಅದು ಇಲ್ಲ. ನೀನೇ ತೊಳೆದಿರಬೇಕು ಎಂದು ಮ್ಯೂಸಿಯಮ್ಮಿನವರ ಅನುಮಾನ. ಮನೆಯಲ್ಲಿ ಯಾರೂ ತೊಳೆದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ನೀನು ನನ್ನನ್ನು ಕೇಳಿದ್ದೆ. ನೀರೇ ಸೋಕಿಸಿಲ್ಲ ಎಂದು ನಾನು ಹೇಳಿದ್ದೆ. ಅದು ಸುಳ್ಳು.

ಡೌನರ್ಸ್ ಗ್ರೋವ್‌ನ ಎಸ್ಟೇಟ್ ಸೇಲಿನಲ್ಲಿ, ತೀರಿಕೊಂಡವರ ಮನೆ ಸಾಮಾನು ಮಾರುವಾಗ, ಕೊಂಡು ತಂದ ಆ ನಾಯಿಯನ್ನು ಆರು ವರ್ಷ ಗೊಂಬೆ ಮೆಟ್ಟಿಲ ಮೇಲೆ ಕೂರಿಸಿದ್ದೇನೆ. ಹೋದ ವರ್ಷ ಆರತಿಗೆ ಬಂದ ಪಕ್ಕದ ಬೀದಿಯ ಶುಭಾ, "ಪಟ್ಟದ ಗೊಂಬೆ ಪಕ್ಕ ಮಣ್ಣು ಮೆತ್ತಿರೋ ನಾಯಿನಾ ಆಂಟಿ? ಸ್ನಾನನಾದ್ರೂ ಮಾಡ್ಸಿ" ಎಂದಳು. ಎಲ್ಲರೂ ನಕ್ಕರು. ಈ ಸಲ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದ ದಿನ, ಹಿತ್ತಾಳೆ ದೀಪಗಳಿಗೆ ನೆನೆಸಿದ್ದ ಹುಣಸೆಹಣ್ಣಿನಲ್ಲೇ ಅದನ್ನೂ ಉಜ್ಜಿಬಿಟ್ಟೆ. ಮೊದಲು ಕಂದು ನೀರು ಹೋಯಿತು, ಆಮೇಲೆ ಕೆಂಪು.

ವಿಚಾರಣೆಗೆ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದು ನಿನ್ನೆ ನಿಮ್ಮಪ್ಪನಿಗೆ ಹೇಳಿದೆ. "ನಮ್ಮನೆ ಗೊಂಬೆ ಕಣೇ, ತೊಳೆದ್ರೆ ಯಾರಪ್ಪನ ಗಂಟು ಹೋಯ್ತು? ಅಲ್ಲಿಗೆ ಹೋಗಿ ಯಾಕೆ ಮರ್ಯಾದೆ ಕಳ್ಕೋತೀಯ?" ಎಂದರು. ನಾನು ಸುಮ್ಮನಿದ್ದರೆ ಹೋಗುವುದು ಮಗಳ ಮರ್ಯಾದೆ ಎಂದೆ. ಸಂಜೆ ಅವರೇ ಹೋಗಿ ಕಾರಿನ ಟೈರಿಗೆ ಗಾಳಿ ತುಂಬಿಸಿಕೊಂಡು ಬಂದರು.

ನಡೆದದ್ದನ್ನೆಲ್ಲ ಎರಡು ಪುಟ ಬರೆದು ಸಹಿ ಹಾಕಿದ್ದೇನೆ. ಅವರು ಕೇಳಿದ್ದಕ್ಕೆ ಎದುರಿಗೇ ಉತ್ತರಿಸುತ್ತೇನೆ. ನನ್ನನ್ನು ಕಾಪಾಡಲು ನೀನು ಬಾಯಿ ಹಾಕಬೇಡ. ಗುರುವಾರ ಸಂಜೆ ಪ್ಲಿಮತ್‌ಗೆ, ನಿನ್ನ ಮನೆಗೆ ಬರುತ್ತೇವೆ.

ನಿನ್ನ ಅಮ್ಮ,
ವಿನಿತಾ

ತಾ.ಕ.: ಬಣ್ಣ ಹೋಗುತ್ತಿರುವುದು ನನಗೆ ಆಗಲೇ ಕಂಡಿತ್ತು. ಉಜ್ಜಿದ ಹಲ್ಲುಬ್ರಷ್ಷನ್ನು ತೊಳೆಯಲೂ ಆಗದೆ, ಎಸೆಯಲೂ ಆಗದೆ, ಅಂದಿನಿಂದ ಜಿಪ್‌ಲಾಕ್ ಕವರಿನಲ್ಲಿ ಹಾಕಿ ಬಚ್ಚಿಟ್ಟಿದ್ದೇನೆ. ಎಳೆಗಳ ಬುಡದಲ್ಲಿ ಇನ್ನೂ ಕೆಂಪು ಇದೆ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಅವರಿಗೆ ಒಪ್ಪಿಸುತ್ತೇನೆ.